ಚುಕ್ಕೆಯಿಂದ ಶುರುವಾಗುವ ಸಾಲು: ಕಂಪ್ಯೂಟರ್ ಕೈಪಿಡಿ ಪುಟದ ಕಥೆ

ಹೊಸ ಮಿಕ್ಸರ್ ಕೊಂಡವರಲ್ಲಿ ಅದರ ಜೊತೆಗೆ ಬಂದ ಕೈಪಿಡಿಯನ್ನು ಓದುವವರು ಕಡಿಮೆ. ಅದು ಡಬ್ಬಿಯ ತಳದಲ್ಲೋ, ಹಳೆಯ ಪತ್ರಿಕೆಗಳ ನಡುವೆಯೋ ಸೇರಿಹೋಗುತ್ತದೆ. ಯಂತ್ರ ಕೆಟ್ಟು ನಿಂತಾಗ ಅದರ ನೆನಪಾಗುತ್ತದೆ. ಆಗ ಅದು ಕೈಗೆ ಸಿಗುವುದಿಲ್ಲ. ಯಂತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಆಗಿಬಿಡುವುದು ಬಹುತೇಕ ಕೈಪಿಡಿಗಳ ಹಣೆಬರಹ.

ಈ ಹಣೆಬರಹದಿಂದ ತಪ್ಪಿಸಿಕೊಂಡ ಕೈಪಿಡಿಯೊಂದು ಕಂಪ್ಯೂಟರ್ ಲೋಕದಲ್ಲಿದೆ. ಯೂನಿಕ್ಸ್ ಮತ್ತು ಅದರ ಜಾಡಿನಲ್ಲೇ ಬಂದ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂಗಳಲ್ಲಿ 'ಮ್ಯಾನ್' ಎಂದು ಟೈಪ್ ಮಾಡಿ, ಮುಂದೆ ಯಾವುದಾದರೂ ಆಜ್ಞೆಯ ಹೆಸರು ಬರೆದರೆ ಸಾಕು. ಆ ಆಜ್ಞೆ ಏನು ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು ಎಂಬ ವಿವರ ಪರದೆಯ ಮೇಲೆ ಮೂಡುತ್ತದೆ. ಇಲ್ಲಿ 'ಮ್ಯಾನ್' ಎಂದರೆ ಮನುಷ್ಯನಲ್ಲ. ಕೈಪಿಡಿಗೆ ಇಂಗ್ಲಿಷಿನಲ್ಲಿರುವ 'ಮ್ಯಾನ್ಯುಯಲ್' ಎಂಬ ಪದದ ಮೊದಲ ಮೂರು ಅಕ್ಷರ. ಹೀಗೆ ಮೂಡುವ ಬರಹಕ್ಕೆ 'ಮ್ಯಾನ್ ಪುಟ' ಎಂದು ಹೆಸರು.

ಚಿತ್ರಗಳನ್ನು ಒತ್ತಿ ಕಂಪ್ಯೂಟರ್ ನಡೆಸುವವರಿಗೆ ಈ ಪುಟದ ಪರಿಚಯ ಇರಲಾರದು. ಆದರೆ ಅಂತರ್ಜಾಲದ ಸರ್ವರ್‌ಗಳನ್ನು ನೋಡಿಕೊಳ್ಳುವವರು ಇಂದಿಗೂ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಿಯೇ ಕೆಲಸ ಮಾಡುತ್ತಾರೆ. ಅವರಿಗೆ ಮ್ಯಾನ್ ಪುಟ ದಿನನಿತ್ಯದ ಸಂಗಾತಿ. ಅದರ ಶೀರ್ಷಿಕೆಗಳ ಕ್ರಮ, ಒಣ ಭಾಷೆ, ಅದನ್ನು ಬರೆಯುವ ಲಿಪಿಕ್ರಮ ಎಲ್ಲವೂ 1970ರ ದಶಕದಿಂದ ಹೆಚ್ಚು ಬದಲಾಗಿಲ್ಲ. ಐದಾರು ವರ್ಷಗಳಲ್ಲಿ ಎಲ್ಲವೂ ಹಳತಾಗುವ ಈ ಕ್ಷೇತ್ರದಲ್ಲಿ ಅರ್ಧ ಶತಮಾನ ದಾಟಿದ ಈ ಬಾಳಿಕೆ ಹೇಗೆ ಸಾಧ್ಯವಾಯಿತು? ಉತ್ತರ ಹುಡುಕಲು ಹೊರಟರೆ ಅಚ್ಚು, ಬೆರಳಚ್ಚು ಮತ್ತು ಒಂದು ಪುಟ್ಟ ಚುಕ್ಕೆಯ ಕಥೆ ಎದುರಾಗುತ್ತದೆ.

ಪ್ರಬಂಧ ಬರೆಯಲು ಹುಟ್ಟಿದ ಉಪಾಯ

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಒಂದು ಹೊಸ ಪ್ರಯೋಗ ನಡೆದಿತ್ತು. ಕೋಣೆಯಷ್ಟು ದೊಡ್ಡದಾದ ಐಬಿಎಂ 7094 ಯಂತ್ರವನ್ನು ಹಲವರು ಏಕಕಾಲಕ್ಕೆ, ತಮ್ಮ ತಮ್ಮ ಟೈಪ್‌ರೈಟರ್‌ನಂಥ ಉಪಕರಣದ ಮುಂದೆ ಕುಳಿತು ಬಳಸುವ ವ್ಯವಸ್ಥೆ ಅದು. ಲೆಕ್ಕ ಹಾಕಲೆಂದೇ ಇದ್ದ ಯಂತ್ರಕ್ಕೆ ಹೀಗೆ ಕೀಲಿಮಣೆ ಜೋಡಿಸಿದಾಗ, ಅದರಲ್ಲಿ ಬರಹವನ್ನೂ ಇಡಬಹುದಲ್ಲ ಎಂಬ ಯೋಚನೆ ಕೆಲವರಿಗೆ ಬಂತು.

ಅವರಲ್ಲೊಬ್ಬರು ಜೆರೋಮ್ ಸಾಲ್ಟ್‌ಜರ್. ಡಾಕ್ಟರೇಟ್ ಪದವಿಗಾಗಿ ತಮ್ಮ ಪ್ರಬಂಧದ ಪ್ರಸ್ತಾವನೆಯನ್ನು ಸಿದ್ಧಪಡಿಸಬೇಕಾಗಿದ್ದ ಅವರು 1964ರಲ್ಲಿ ಅದಕ್ಕೆಂದು ಎರಡು ಪ್ರೋಗ್ರಾಂಗಳನ್ನು ಬರೆದರು. ಒಂದು, ಬರಹವನ್ನು ಟೈಪ್ ಮಾಡಿ ತಿದ್ದುವುದಕ್ಕೆ. ಇನ್ನೊಂದು, ಅದನ್ನು ಒಪ್ಪವಾಗಿ ಪುಟಕ್ಕಿಳಿಸುವುದಕ್ಕೆ. ಎರಡನೆಯದರ ಹೆಸರು 'ರನ್‌ಆಫ್'. ಒಂದು ಪ್ರತಿ ತೆಗೆದುಕೊಡುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ಆಡುಮಾತೇ ಅದರ ಹೆಸರಾಯಿತು.

ಬೆರಳಚ್ಚು ಯಂತ್ರ ಬಳಸಿದವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಮೊದಲ ಪುಟದಲ್ಲಿ ಒಂದು ವಾಕ್ಯ ಸೇರಿಸಬೇಕೆಂದರೆ ಆ ಪುಟವನ್ನಷ್ಟೇ ಅಲ್ಲ, ಮುಂದಿನ ಪುಟಗಳನ್ನೂ ಮತ್ತೆ ಟೈಪ್ ಮಾಡಬೇಕಾಗುತ್ತಿತ್ತು. ರನ್‌ಆಫ್ ಬಂದ ಮೇಲೆ ಬರೆದವರು ಒಂದು ವಾಕ್ಯ ಸೇರಿಸಿದರೆ ಸಾಕು. ಸಾಲುಗಳನ್ನು ಹೊಂದಿಸುವುದು, ಪುಟ ಒಡೆಯುವುದು ಯಂತ್ರದ ಪಾಲಿನ ಕೆಲಸ.

ಆದರೆ ಯಾವುದು ಓದಬೇಕಾದ ಬರಹ, ಯಾವುದು ಯಂತ್ರಕ್ಕೆ ಕೊಟ್ಟ ಸೂಚನೆ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದಕ್ಕೆ ರನ್‌ಆಫ್‌ನಲ್ಲಿದ್ದ ಉಪಾಯ ಸರಳವಾದದ್ದು. ಸಾಮಾನ್ಯ ಬರವಣಿಗೆಯಲ್ಲಿ ಯಾವ ಸಾಲೂ ಪೂರ್ಣವಿರಾಮದ ಚುಕ್ಕೆಯಿಂದ ಶುರುವಾಗುವುದಿಲ್ಲ. ಆದ್ದರಿಂದ ಚುಕ್ಕೆಯಿಂದ ಶುರುವಾದ ಸಾಲು ಸೂಚನೆ, ಉಳಿದದ್ದು ಬರಹ. ಚುಕ್ಕೆ ಇಟ್ಟು 'ಸೆಂಟರ್' ಎಂದು ಬರೆದರೆ ಮುಂದಿನ ಸಾಲು ನಡುವಿಗೆ ಬರುತ್ತದೆ. ಚುಕ್ಕೆ ಇಟ್ಟು 'ಬಿಗಿನ್ ಪೇಜ್' ಎಂದರೆ ಹೊಸ ಪುಟ ಆರಂಭವಾಗುತ್ತದೆ. ಅಚ್ಚುಕೂಟದಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಮೊಳೆ ಜೋಡಿಸುವವರಿಗೆ ಬರೆಯುತ್ತಿದ್ದ ಸೂಚನೆಗಳು ಈಗ ಬರಹದೊಳಕ್ಕೇ ಬಂದು ಕುಳಿತವು.

ಪೇಟೆಂಟ್ ವಿಭಾಗದ ಮೂವರು

ಈ ಉಪಾಯ ಅಲ್ಲಿಂದ ನ್ಯೂಜೆರ್ಸಿಯ ಮರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯಕ್ಕೆ ಹೋಯಿತು. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯ ಸಂಶೋಧನಾ ಕೇಂದ್ರವದು. ಅಲ್ಲಿ ಡಗ್ಲಸ್ ಮೆಕಿಲ್‌ರಾಯ್ ಮೊದಲಾದವರು ರನ್‌ಆಫ್ ಅನ್ನು ಬೇರೆ ಯಂತ್ರಗಳಿಗೆ ಒಗ್ಗಿಸಿದರು. ಈ ನಡುವೆ ಹೆಸರು ಮೊಟಕಾಗಿ 'ರಾಫ್' ಆಯಿತು, ಸೂಚನೆಗಳೂ ಮೊಟಕಾದವು. 'ಸೆಂಟರ್' ಎಂಬ ಪೂರ್ತಿ ಪದದ ಬದಲು ಅದರ ಮೊದಲ ಎರಡೇ ಅಕ್ಷರ ಸಾಕಾಯಿತು.

1969ರಲ್ಲಿ ಬೆಲ್ ಪ್ರಯೋಗಾಲಯ ಒಂದು ದೊಡ್ಡ ಕಂಪ್ಯೂಟರ್ ಯೋಜನೆಯಿಂದ ಹಿಂದೆ ಸರಿಯಿತು. ಆ ಯೋಜನೆಯಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲೇ ಹೆಚ್ಚು ಬಳಕೆಯಿಲ್ಲದೆ ಇದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ತಮ್ಮದೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಕಟ್ಟತೊಡಗಿದರು. ಅದೇ ಮುಂದೆ ಯೂನಿಕ್ಸ್ ಎಂದು ಹೆಸರಾಯಿತು. ಅವರಿಗೆ ಇನ್ನೂ ಒಳ್ಳೆಯ ಯಂತ್ರ ಬೇಕಿತ್ತು. ಆದರೆ ದೊಡ್ಡ ಯೋಜನೆಯಲ್ಲಿ ಕೈಸುಟ್ಟುಕೊಂಡಿದ್ದ ಆಡಳಿತ ವರ್ಗ ಮತ್ತೊಂದು ಆಪರೇಟಿಂಗ್ ಸಿಸ್ಟಂಗೆ ಹಣ ಕೊಡಲು ಸಿದ್ಧವಿರಲಿಲ್ಲ.

ಆಗ ಹೊಳೆದದ್ದು ಬರಹದ ದಾರಿ. 1970ರಲ್ಲಿ ಇವರು ಸಲ್ಲಿಸಿದ ಹೊಸ ಪ್ರಸ್ತಾವದಲ್ಲಿ ಆಪರೇಟಿಂಗ್ ಸಿಸ್ಟಂನ ಮಾತಿಗಿಂತ ಮುಂದೆ ಬಂದದ್ದು ದಸ್ತಾವೇಜುಗಳನ್ನು ತಿದ್ದಿ ಮುದ್ರಿಸುವ ಅನುಕೂಲ. ಸುಮಾರು 65,000 ಡಾಲರ್ ಬೆಲೆಯ ಪಿಡಿಪಿ-11 ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಯಂತ್ರ ಬೇಸಿಗೆಯ ಕೊನೆಗೆ ಬಂದರೂ ಅದರ ಡಿಸ್ಕ್ ಬಂದದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಅದು ಆರು ಮತ್ತು ಎಂಟು ಮನೆಗಳ ಚದುರಂಗದ ಹಾಸಿನ ಮೇಲೆ ಕುದುರೆ ಎಷ್ಟು ಬಗೆಯಲ್ಲಿ ಎಲ್ಲ ಮನೆಗಳನ್ನೂ ಸುತ್ತಿ ಬರಬಲ್ಲುದು ಎಂದು ಎಣಿಸುತ್ತಾ ಕಾಲ ಕಳೆಯಿತು.

ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಅವಕಾಶ ಬೆಲ್ ಪ್ರಯೋಗಾಲಯದ ಪೇಟೆಂಟ್ ವಿಭಾಗದ ರೂಪದಲ್ಲಿ ಬಂತು. ಪೇಟೆಂಟ್ ಅರ್ಜಿಗಳ ಸಾಲುಗಳಿಗೆ ಕ್ರಮಸಂಖ್ಯೆ ಹಾಕಬೇಕಾಗಿತ್ತು. ರಾಫ್‌ಗೆ ಆ ಅನುಕೂಲ ಸೇರಿಸಲಾಯಿತು. 1971ರ ಉತ್ತರಾರ್ಧದಲ್ಲಿ ಆ ವಿಭಾಗದ ಮೂವರು ಬೆರಳಚ್ಚುಗಾರರು ದಿನವಿಡೀ ಈ ಯಂತ್ರದಲ್ಲಿ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು, ತಿದ್ದುತ್ತಿದ್ದರು, ಅಚ್ಚು ತೆಗೆಯುತ್ತಿದ್ದರು. ಯೂನಿಕ್ಸ್‌ನ ಕರ್ತೃಗಳೂ ಅದೇ ಹೊತ್ತಿಗೆ ಅದೇ ಯಂತ್ರದಲ್ಲಿ ತಮ್ಮ ಪ್ರಯೋಗ ನಡೆಸಬೇಕಿತ್ತು.

ಆ ಯಂತ್ರದ ನೆನಪುಕೋಶ 24 ಕಿಲೋಬೈಟ್; ಅದರಲ್ಲಿ 16 ವ್ಯವಸ್ಥೆಗೆ, ಉಳಿದ 8 ಬಳಕೆದಾರರ ಪ್ರೋಗ್ರಾಂಗಳಿಗೆ. ಡಿಸ್ಕ್‌ನಲ್ಲಿದ್ದದ್ದು ಅರ್ಧ ಮೆಗಾಬೈಟ್ ಜಾಗ. ಇಂದು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಒಬ್ಬರ ಪ್ರೋಗ್ರಾಂ ಇನ್ನೊಬ್ಬರದರ ಮೇಲೆ ಬೀಳದಂತೆ ತಡೆಯುವ ಏರ್ಪಾಡೂ ಇರಲಿಲ್ಲ. ಹೊಸ ಪ್ರೋಗ್ರಾಂ ಒಂದನ್ನು ಪರೀಕ್ಷಿಸುವಾಗ ಎಡವಿದರೆ ಇಡೀ ವ್ಯವಸ್ಥೆ ಕುಸಿದು ಪಕ್ಕದಲ್ಲಿ ಟೈಪ್ ಮಾಡುತ್ತಿದ್ದವರ ಕೆಲಸ ಹಾಳಾಗುವ ಭಯ. ಬೆರಳಚ್ಚುಗಾರರು ಕೆಲವು ಗಂಟೆ ದುಡಿದರೆ ಡಿಸ್ಕ್ ತುಂಬಿ, ಬರಹವನ್ನು ಟೇಪ್‌ಗೆ ಸಾಗಿಸಬೇಕಾಗುತ್ತಿತ್ತು.

ಪ್ರಯೋಗ ಗೆದ್ದಿತು. ಅದರ ಬಲದ ಮೇಲೆ ಇನ್ನೂ ದೊಡ್ಡ ಯಂತ್ರ ಕೊಳ್ಳಲು ಆಡಳಿತದ ಒಪ್ಪಿಗೆ ದೊರೆಯಿತು. ಯೂನಿಕ್ಸ್ ಎಂದರೆ ಇಂದು ಪ್ರೋಗ್ರಾಂ ಬರೆಯುವವರ ವ್ಯವಸ್ಥೆ ಎಂಬ ಹೆಸರಿದೆ. ಆದರೆ ಎಳೆಯ ಯೂನಿಕ್ಸ್‌ಗೆ ಅನ್ನ ಸಂಪಾದಿಸಿ ಕೊಟ್ಟದ್ದು ಪುಟ ಜೋಡಿಸುವ ಕೆಲಸ ಎಂಬುದನ್ನು ಮರೆಯುವಂತಿಲ್ಲ.

ಹುಳುಕು ಹೇಳಿಕೊಂಡ ಪುಸ್ತಕ

ಥಾಂಪ್ಸನ್ ಮತ್ತು ರಿಚಿ ಅವರ ಹೆಸರಿನಲ್ಲಿ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಹೊರಬಂದದ್ದು ಇದೇ ಹೊತ್ತಿನಲ್ಲಿ. ಅದರ ಮೇಲಿರುವ ದಿನಾಂಕ 1971ರ ನವೆಂಬರ್ 3. ಮನುಷ್ಯರ ಆಜ್ಞೆಗಳಿಗೆ ಒಂದು ಭಾಗ, ಪ್ರೋಗ್ರಾಂಗಳು ವ್ಯವಸ್ಥೆಯನ್ನು ಕರೆಯುವ ಬಗೆಗೆ ಇನ್ನೊಂದು ಭಾಗ, ಕಡತಗಳ ರಚನೆಗೆ ಮತ್ತೊಂದು ಹೀಗೆ ಏಳು ಭಾಗಗಳು. ಈ ಅಂಕಿಗಳು ಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ಚಾಲ್ತಿಯಲ್ಲಿವೆ. ಕಾನೂನು ತಿಳಿದವರು ಕಲಮುಗಳನ್ನು ಅಂಕಿಯಿಂದಲೇ ಗುರುತಿಸುವಂತೆ, ಒಂದೇ ಹೆಸರಿನ ಎರಡು ವಿಷಯಗಳನ್ನು ಯೂನಿಕ್ಸ್ ಬಲ್ಲವರು ಭಾಗದ ಅಂಕಿಯಿಂದ ಬೇರ್ಪಡಿಸುತ್ತಾರೆ.

ಒಂದು ವಿಷಯಕ್ಕೆ ಒಂದು ನಮೂದು, ಪ್ರತಿ ನಮೂದಿಗೂ ಅದೇ ಶೀರ್ಷಿಕೆಗಳು ಎಂಬುದು ಆ ಕೈಪಿಡಿಯ ನಿಯಮ. ಮೊದಲು ಹೆಸರು, ಬಳಿಕ ಬಳಸುವ ರೀತಿಯ ಒಂದೆರಡು ಸಾಲು, ಬಳಿಕ ವಿವರಣೆ, ಬೇಕಾಗುವ ಕಡತಗಳು, 'ಇದನ್ನೂ ನೋಡಿ' ಎಂಬ ಸೂಚನೆ. ಯಾರು ಅದರ ಹೊಣೆಗಾರರು ಎಂದು ತಿಳಿಸುವ 'ಒಡೆಯ' ಎಂಬ ಶೀರ್ಷಿಕೆಯೂ ಮೊದಲ ಆವೃತ್ತಿಯಲ್ಲಿತ್ತು.

ಇವುಗಳ ಜೊತೆಗೆ ಇನ್ನೊಂದು ಶೀರ್ಷಿಕೆಯಿತ್ತು: 'ಬಗ್ಸ್'. ಇಂಗ್ಲಿಷಿನಲ್ಲಿ ಬಗ್ ಎಂದರೆ ಹುಳು. ಕಂಪ್ಯೂಟರ್ ಮಂದಿಯ ಭಾಷೆಯಲ್ಲಿ ಪ್ರೋಗ್ರಾಂನೊಳಗಿನ ದೋಷ. ಕನ್ನಡದ 'ಹುಳುಕು' ಎಂಬ ಪದ ಎರಡೂ ಅರ್ಥಕ್ಕೆ ಒಪ್ಪುತ್ತದೆ. ತಾನು ಮಾಡಿದ ವಸ್ತುವಿನ ಹುಳುಕನ್ನು ಅದರ ಕೈಪಿಡಿಯಲ್ಲೇ, ಅದಕ್ಕೆಂದೇ ಮೀಸಲಾದ ಶೀರ್ಷಿಕೆಯ ಕೆಳಗೆ ಬರೆದಿಡುವ ತಯಾರಕರು ಅಪರೂಪ. ಮಿಕ್ಸರ್‌ನ ಕೈಪಿಡಿಯಲ್ಲಿ 'ಈ ಜಾರಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ' ಎಂಬ ಸಾಲು ಎಂದಾದರೂ ಕಂಡೀತೆ?

ಇದರಿಂದ ಆದ ಪರಿಣಾಮವನ್ನು ರಿಚಿ ಮುಂದೆ ನೆನಪಿಸಿಕೊಂಡಿದ್ದಾರೆ. ಹುಳುಕುಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯುವ ಪದ್ಧತಿಯಿಂದ ವ್ಯವಸ್ಥೆಗೆ ಬಹಳ ಉಪಕಾರವಾಯಿತು ಎಂಬುದು ಅವರ ಅಭಿಪ್ರಾಯ. ದೋಷವನ್ನು ಬರೆಯಲು ಕುಳಿತಾಗ, ಇದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಹೇಗೆ ಎಂದು ನಾಚಿಕೆಯಾಗಿ, ಬರೆಯುವುದನ್ನು ಬಿಟ್ಟು ಪ್ರೋಗ್ರಾಂ ಅನ್ನೇ ಸರಿಪಡಿಸಿದ ಸಂದರ್ಭಗಳು ಅವರಿಗೆ ಎಷ್ಟೋ ಇದ್ದವು. ಕೈಪಿಡಿ ಕೇವಲ ವಿವರಣೆಯಾಗಿ ಉಳಿಯದೆ ಪ್ರೋಗ್ರಾಂ ಅನ್ನು ತಿದ್ದುವ ಸಾಧನವೂ ಆದದ್ದು ಹೀಗೆ. ಪ್ರೋಗ್ರಾಂ ಬರೆದವರೇ ಅದರ ಪುಟವನ್ನೂ ಬರೆಯುತ್ತಿದ್ದುದರಿಂದ ಇದು ಸಾಧ್ಯವಾಯಿತು. ಬರೆಯುವ ಕೆಲಸ ಬೇರೊಂದು ವಿಭಾಗಕ್ಕೆ ಹೋಗಿದ್ದರೆ ನಾಚಿಕೆ ಪಡಬೇಕಾದವರು ಯಾರೂ ಇರುತ್ತಿರಲಿಲ್ಲ.

ಪುಟದ ಚುಟುಕು ಭಾಷೆಗೂ ಕಾರಣವಿದೆ. ಆಗ ಪರದೆಗಳ ಬಳಕೆ ಇನ್ನೂ ವ್ಯಾಪಕವಾಗಿರಲಿಲ್ಲ. ಕಂಪ್ಯೂಟರಿನ ಉತ್ತರ ಟೆಲಿಪ್ರಿಂಟರ್ ಮಾದರಿಯ ಯಂತ್ರದಲ್ಲಿ ಕಾಗದದ ಮೇಲೆ ಮೂಡುತ್ತಿತ್ತು. ಆಗ ಹೆಚ್ಚು ಬಳಕೆಯಲ್ಲಿದ್ದ 'ಮಾಡೆಲ್ 33' ಯಂತ್ರದ ವೇಗ ಸೆಕೆಂಡಿಗೆ 10 ಅಕ್ಷರ. ಎರಡು ಸಾವಿರ ಅಕ್ಷರಗಳ ಒಂದು ಪುಟ ಹೊರಬರಲು ಮೂರು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಯಂತ್ರ ಕಟಕಟ ಎನ್ನುತ್ತಿರುವಾಗ ಪಕ್ಕದಲ್ಲಿ ಕಾದು ಕುಳಿತವರಿಗೆ ಪೀಠಿಕೆ, ಅಲಂಕಾರಗಳ ತಾಳ್ಮೆ ಇರುವುದಿಲ್ಲ.

ಆ ಯಂತ್ರಗಳ ಗುರುತು ಇನ್ನೂ ಒಂದು ಕಡೆ ಉಳಿದಿದೆ. ದಪ್ಪಕ್ಷರ ಬೇಕೆಂದರೆ ಒಂದಕ್ಷರ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ಅದರ ಮೇಲೇ ಮತ್ತೊಮ್ಮೆ ಅದೇ ಅಕ್ಷರ ಒತ್ತುವುದು ಬೆರಳಚ್ಚುಗಾರರ ಹಳೆಯ ಉಪಾಯ. ಮ್ಯಾನ್ ಪುಟವನ್ನು ಸಿದ್ಧಪಡಿಸುವ ಕೆಲವು ಪ್ರೋಗ್ರಾಂಗಳು ಇಂದಿಗೂ ದಪ್ಪಕ್ಷರವನ್ನು ಇದೇ ರೀತಿ, ಅಕ್ಷರ, ಹಿಂದಿನ ಹೆಜ್ಜೆ, ಮತ್ತೆ ಅಕ್ಷರ ಎಂದೇ ಹೊರಕ್ಕೆ ಕಳಿಸುತ್ತವೆ. ಅದನ್ನು ಕಂಡು ಪರದೆಯ ಪ್ರೋಗ್ರಾಂ ಅಕ್ಷರವನ್ನು ಹೊಳಪಾಗಿ ತೋರಿಸುತ್ತದೆ.

ಫೋಟೊ ಅಚ್ಚಿಗೆ ಬಂದ ರಾಫ್

ಬೆರಳಚ್ಚಿನ ಮಟ್ಟದಿಂದ ರಾಫ್ ಅನ್ನು ಪುಸ್ತಕದ ಮಟ್ಟಕ್ಕೆ ಏರಿಸಿದವರು ಬೆಲ್ ಪ್ರಯೋಗಾಲಯದ ಜೋ ಒಸಾನಾ. ಅವರು ಮೊದಲು ರಾಫ್‌ನ ಸುಧಾರಿತ ರೂಪವಾದ 'ಎನ್‌ರಾಫ್' ಬರೆದರು. ಇದರಲ್ಲಿ ಬಳಕೆದಾರರು ಹಲವು ಸೂಚನೆಗಳನ್ನು ಕಟ್ಟಿ, ಅದಕ್ಕೆ ತಾವೇ ಒಂದು ಹೆಸರಿಡಬಹುದಿತ್ತು. ಹೀಗೆ ಕಟ್ಟಿದ ಸೂಚನೆಗೆ 'ಮ್ಯಾಕ್ರೊ' ಎನ್ನುತ್ತಾರೆ. ಅಡುಗೆಮನೆಯಲ್ಲಿ ಪ್ರತಿಸಲವೂ ಮೆಣಸು, ಕೊತ್ತಂಬರಿ, ಜೀರಿಗೆ ಎಂದು ಎಣಿಸದೆ 'ಸಾರಿನ ಪುಡಿ' ಎಂದು ಒಂದೇ ಮಾತಿನಲ್ಲಿ ಹೇಳುವಂತೆ ಇದು.

ಪ್ರಯೋಗಾಲಯಕ್ಕೆ ಗ್ರಾಫಿಕ್ ಸಿಸ್ಟಮ್ಸ್ ಕಂಪನಿಯ 'ಕ್ಯಾಟ್' ಎಂಬ ಫೋಟೊ ಅಕ್ಷರ ಜೋಡಣೆ ಯಂತ್ರ ಬಂತು. ತಿರುಗುವ ಫಿಲ್ಮಿನಲ್ಲಿರುವ ಅಕ್ಷರದ ಮೂಲಕ ಬೆಳಕು ಹಾಯಿಸಿ ಫೋಟೊ ಕಾಗದದ ಮೇಲೆ ಅದನ್ನು ಮೂಡಿಸುವ ಯಂತ್ರ ಅದು. ಒಂದು ಸಲಕ್ಕೆ ನಾಲ್ಕು ಬಗೆಯ ಅಕ್ಷರಮಾಲೆಗಳನ್ನಷ್ಟೇ ಅದರಲ್ಲಿ ಇಡಬಹುದಿತ್ತು. ಇದನ್ನು ನಡೆಸಲು 1973ರ ಹೊತ್ತಿಗೆ ಒಸಾನಾ ಬರೆದದ್ದೇ 'ಟಿರಾಫ್'. ಸೀಸದ ಮೊಳೆ, ಮೊಳೆ ಜೋಡಿಸುವವರು, ದೊಡ್ಡ ಅಚ್ಚುಕೂಟ ಯಾವುದೂ ಇಲ್ಲದೆ ಲೇಖಕರೇ ತಮ್ಮ ಪುಟವನ್ನು ಅಚ್ಚಿಗೆ ಸಿದ್ಧಪಡಿಸುವ ದಾರಿ ಇದರಿಂದ ತೆರೆಯಿತು.

ಟಿರಾಫ್ ಸುತ್ತ ಸಣ್ಣ ಸಣ್ಣ ಸಹಾಯಕ ಪ್ರೋಗ್ರಾಂಗಳು ಬೆಳೆದವು. ಲೊರಿಂಡಾ ಚೆರಿ ಮತ್ತು ಬ್ರಯಾನ್ ಕರ್ನಿಗನ್ ಗಣಿತದ ಸಮೀಕರಣಗಳಿಗೆಂದು ಒಂದನ್ನು ಬರೆದರು. ಸಮೀಕರಣವನ್ನು ಗಣಿತಜ್ಞರು ಬಾಯಲ್ಲಿ ಓದುವ ಹಾಗೆಯೇ ಟೈಪ್ ಮಾಡಿದರೆ ಅದು ಸರಿಯಾಗಿ ಪುಟಕ್ಕಿಳಿಯುತ್ತಿತ್ತು. ಕೋಷ್ಟಕಗಳಿಗೆ ಮೈಕ್ ಲೆಸ್ಕ್ ಇನ್ನೊಂದನ್ನು ಬರೆದರು. ಕರ್ನಿಗನ್ ಮತ್ತು ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಎಂಬ ಪುಸ್ತಕ 1978ರಲ್ಲಿ ಹೊರಬಂತು. ಲಕ್ಷಾಂತರ ಕಂಪ್ಯೂಟರ್ ವಿದ್ಯಾರ್ಥಿಗಳು ಓದಿದ ಆ ಪುಸ್ತಕದ ಅಕ್ಷರ ಜೋಡಣೆಯನ್ನು ಲೇಖಕರೇ ಯೂನಿಕ್ಸ್ ಯಂತ್ರದಲ್ಲಿ ಮಾಡಿದ್ದರು.

ಒಸಾನಾ 1977ರಲ್ಲಿ ತೀರಿಕೊಂಡರು. ಟಿರಾಫ್ ಅವರೊಬ್ಬರ ಕೈಕೆಲಸವಾಗಿತ್ತು. ಅದರ ಮೂಲ ಸಂಕೇತದಲ್ಲಿ ವಿವರಣೆಯ ಟಿಪ್ಪಣಿಗಳು ಇರಲಿಲ್ಲವೆನ್ನುವಷ್ಟು ಕಡಿಮೆ. ಜಗತ್ತಿನ ವಿವರಣೆಗಳನ್ನೆಲ್ಲ ಒಪ್ಪವಾಗಿ ಅಚ್ಚಿಗಿಳಿಸುವ ಪ್ರೋಗ್ರಾಂಗೇ ಒಳಗೆ ವಿವರಣೆ ಇರಲಿಲ್ಲ. ಕರ್ನಿಗನ್ 1979ರಲ್ಲಿ ಅದನ್ನು ಕೈಗೆತ್ತಿಕೊಂಡು, ಕ್ಯಾಟ್ ಯಂತ್ರ ಒಂದನ್ನೇ ನೆಚ್ಚದೆ ಯಾವ ಮುದ್ರಣ ಯಂತ್ರಕ್ಕಾದರೂ ಹೊಂದುವಂತೆ ಮಾರ್ಪಡಿಸಿದರು. ಹೀಗೆ ಮಾಡಿದ್ದರಿಂದ ಕ್ಯಾಟ್ ಮೂಲೆಗೆ ಸೇರಿದರೂ ಟಿರಾಫ್ ಉಳಿಯಿತು.

ರೂಪವೋ, ಅರ್ಥವೋ

1979ರಲ್ಲಿ ಯೂನಿಕ್ಸ್‌ನ ಏಳನೆಯ ಆವೃತ್ತಿ ಬಂದಾಗ ಮೆಕಿಲ್‌ರಾಯ್ ಕೈಪಿಡಿಗೆಂದೇ ಹೊಸ ಮ್ಯಾಕ್ರೊಗಳ ಗುಂಪೊಂದನ್ನು ರೂಪಿಸಿದ್ದರು. ಚುಕ್ಕೆ ಇಟ್ಟು 'ಟಿಎಚ್' ಎಂದರೆ ಪುಟದ ತಲೆಬರಹ. 'ಎಸ್‌ಎಚ್' ಎಂದರೆ ಒಳಗಿನ ಶೀರ್ಷಿಕೆ. 'ಬಿ' ಎಂದರೆ ದಪ್ಪಕ್ಷರ. 'ಐ' ಎಂದರೆ ಓರೆ ಅಕ್ಷರ. ಅರ್ಧ ದಿನದಲ್ಲಿ ಕಲಿಯಬಹುದಾದ ಈ ಕೆಲವೇ ಸೂಚನೆಗಳಲ್ಲಿ ಇಂದಿಗೂ ಸಾವಿರಾರು ಪುಟಗಳು ಬರೆಯಲ್ಪಡುತ್ತಿವೆ. ಒಂದೇ ಮೂಲ ಬರಹವನ್ನು ಪರದೆಯಲ್ಲಿ ನೋಡಬಹುದು, ಕಾಗದಕ್ಕೂ ಇಳಿಸಬಹುದು.

ಆದರೆ ಈ ಕ್ರಮದಲ್ಲಿ ಒಂದು ಕೊರತೆಯಿದೆ. ಒಂದು ಪದವನ್ನು ದಪ್ಪಗೆ ಮುದ್ರಿಸು ಎಂದು ಹೇಳಬಹುದೇ ಹೊರತು, ಅದು ಆಜ್ಞೆಯ ಹೆಸರೋ, ಆಯ್ಕೆಯೋ, ಕಡತದ ಹೆಸರೋ ಎಂದು ತಿಳಿಸುವುದಕ್ಕೆ ಬರುವುದಿಲ್ಲ. ಓದುವ ಮನುಷ್ಯನಿಗೆ ಅದು ಗೊತ್ತಾಗುತ್ತದೆ. ಹುಡುಕುವ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ ಪರಿಹಾರ ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ. ಬೆಲ್‌ನ ಯೂನಿಕ್ಸ್ ಅನ್ನು ಪಡೆದು ಬೆಳೆಸಿದ್ದ ಅಲ್ಲಿನ ತಂಡ, ಎಟಿ ಅಂಡ್ ಟಿಯ ಹಕ್ಕುಸ್ವಾಮ್ಯದಿಂದ ತನ್ನ ವ್ಯವಸ್ಥೆಯನ್ನು ಬಿಡಿಸಿಕೊಳ್ಳಲು ಯತ್ನಿಸುತ್ತಿತ್ತು. ಪ್ರೋಗ್ರಾಂಗಳಷ್ಟೇ ಅಲ್ಲ, ಕೈಪಿಡಿಯ ಪುಟಗಳನ್ನೂ ಹೊಸದಾಗಿ ಬರೆಯಬೇಕಾಯಿತು. ಈ ಕೆಲಸ ಮಾಡಿದವರು ಸಿಂಥಿಯಾ ಲಿವಿಂಗ್‌ಸ್ಟನ್. ಅವರು ರೂಪಿಸಿದ 'ಎಂಡಾಕ್' ಎಂಬ ಮ್ಯಾಕ್ರೊಗಳು 1990ರ ಬರ್ಕ್ಲಿ ಆವೃತ್ತಿಯೊಂದಿಗೆ ಹೊರಬಂದವು. ಇಲ್ಲಿ ದಪ್ಪ, ಓರೆ ಎಂಬ ಮಾತಿಲ್ಲ. ಇದು ಹೆಸರು, ಇದು ಆಯ್ಕೆ, ಇದು ಬಳಕೆದಾರ ತುಂಬಬೇಕಾದ ಜಾಗ ಎಂದು ಬರೆಯುವವರು ಗುರುತು ಮಾಡುತ್ತಾರೆ. ಅದು ಹೇಗೆ ಕಾಣಬೇಕೆಂಬುದನ್ನು ಪ್ರೋಗ್ರಾಂ ನಿರ್ಧರಿಸುತ್ತದೆ.

ಅದೇ ವರ್ಷ ಇನ್ನೊಂದು ಮಹತ್ವದ ಸಂಗತಿ ನಡೆಯಿತು. ಟಿರಾಫ್ ಎಟಿ ಅಂಡ್ ಟಿಯ ಸೊತ್ತಾಗಿದ್ದುದರಿಂದ ಯಾರು ಬೇಕಾದರೂ ಅದನ್ನು ಹಂಚುವಂತಿರಲಿಲ್ಲ. ಜೇಮ್ಸ್ ಕ್ಲಾರ್ಕ್ ಎಂಬುವರು ಅದನ್ನು ಮೊದಲಿನಿಂದ ಹೊಸದಾಗಿ ಬರೆದು ಗ್ನೂ ಯೋಜನೆಯ ಮೂಲಕ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದರ ಹೆಸರು 'ಜಿರಾಫ್'. ಉದ್ದ ಕತ್ತಿನ ಪ್ರಾಣಿಗೂ ಅದಕ್ಕೂ ಸಂಬಂಧವಿಲ್ಲ. ಮರುವರ್ಷ ಹುಟ್ಟಿದ ಲಿನಕ್ಸ್‌ಗೆ ಕೈಪಿಡಿ ತೋರಿಸುವ ಸಾಧನ ಸಿದ್ಧವಾಗಿಯೇ ಸಿಕ್ಕಂತಾಯಿತು.

ಆದರೆ ಗ್ನೂ ಯೋಜನೆಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಮತ್ತು ಸಂಗಡಿಗರಿಗೆ ಮ್ಯಾನ್ ಪುಟ ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ. ಬಿಡಿ ಬಿಡಿ ಪುಟಗಳಿಂದ ಹೊಸಬರು ಏನನ್ನೂ ಕಲಿಯಲಾರರು, ಅಧ್ಯಾಯಗಳಿರುವ ಪುಸ್ತಕ ಬೇಕು ಎಂಬುದು ಅವರ ನಿಲುವು. ಇದಕ್ಕಾಗಿ 'ಟೆಕ್ಸ್‌ಇನ್ಫೊ' ಎಂಬ ಬೇರೆ ಕ್ರಮವನ್ನು ಅವರು ಬಳಕೆಗೆ ತಂದರು. ಈ ವಾದದಲ್ಲಿ ತಿರುಳಿಲ್ಲದಿಲ್ಲ. ಮ್ಯಾನ್ ಪುಟ ನಿಘಂಟಿನಂತೆ. ಗೊತ್ತಿರುವ ಪದದ ಅರ್ಥ ನೋಡಲು ಅನುಕೂಲ, ಭಾಷೆ ಕಲಿಯಲು ಸಾಲದು. ಆದರೂ ಬಳಕೆದಾರರು ನಿಘಂಟನ್ನು ಬಿಡಲಿಲ್ಲ. 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಲಿನಕ್ಸ್ ಸಮುದಾಯ ಪ್ರತಿ ಪ್ರೋಗ್ರಾಂಗೂ ಮ್ಯಾನ್ ಪುಟ ಇರಬೇಕು, ಇಲ್ಲದಿದ್ದರೆ ಅದನ್ನೇ ಒಂದು ದೋಷವೆಂದು ಪರಿಗಣಿಸಬೇಕು ಎಂದು ನಿಯಮ ಮಾಡಿತು.

2008ರಲ್ಲಿ ಕ್ರಿಸ್ಟಪ್ಸ್ ಜೋನ್ಸನ್ಸ್ 'ಮ್ಯಾನ್‌ಡಾಕ್' ಎಂಬ ಹೊಸ ಪ್ರೋಗ್ರಾಂ ಆರಂಭಿಸಿದರು. ಪುಸ್ತಕಗಳ ಗೊಡವೆಗೆ ಹೋಗದೆ ಮ್ಯಾನ್ ಪುಟಗಳನ್ನಷ್ಟೇ ವೇಗವಾಗಿ ತೋರಿಸುವುದು ಅದರ ಗುರಿ. ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆ 2010ರಲ್ಲಿ ಜಿರಾಫ್ ಬದಲಿಗೆ ಅದನ್ನು ಅಳವಡಿಸಿಕೊಂಡಿತು. ಲಿವಿಂಗ್‌ಸ್ಟನ್ ಅವರ ಅರ್ಥಸೂಚಕ ಗುರುತುಗಳ ಪೂರ್ತಿ ಪ್ರಯೋಜನ ಸಿಕ್ಕಿದ್ದು ಆಗಲೇ. 'ಇಂಥ ಆಯ್ಕೆ ಇರುವ ಆಜ್ಞೆಗಳು ಯಾವುವು' ಎಂದು ಕೇಳಿ ಹುಡುಕುವುದು ಅದರಲ್ಲಿ ಸಾಧ್ಯವಾಯಿತು.

ಕನ್ನಡಕ್ಕೆ ಸಿಗದ ಚೌಕ

ಟೆಲಿಪ್ರಿಂಟರ್ ಕಾಲದ ಈ ಪರಂಪರೆ ಕನ್ನಡಕ್ಕೆ ಒಂದು ತೊಡಕನ್ನೂ ತಂದಿದೆ. ಆಜ್ಞೆಗಳ ಕಪ್ಪು ಪರದೆ ಸಮ ಅಗಲದ ಚೌಕಗಳಾಗಿ ಹಂಚಿಹೋಗಿರುತ್ತದೆ. ಒಂದು ಚೌಕಕ್ಕೆ ಒಂದು ಅಕ್ಷರ. ರೋಮನ್ ಲಿಪ್ಯಕ್ಷರಗಳಿಗೆ ಇದು ಹೊಂದುತ್ತದೆ. ಆದರೆ ಕನ್ನಡದ 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರಿನೊಳಗೆ ಆರು ಸಂಕೇತಗಳಾಗಿ ಇರುತ್ತದೆ. ಒತ್ತಕ್ಷರ ಕೆಳಗೆ ಇಳಿಯಬೇಕು, ದೀರ್ಘ ಪಕ್ಕಕ್ಕೆ ಚಾಚಬೇಕು. ಇದನ್ನು ಎಷ್ಟು ಚೌಕಗಳಲ್ಲಿ ಕೂರಿಸುವುದು? ಸಾಲಿನ ಅಗಲವನ್ನು ಅಕ್ಷರ ಎಣಿಸಿ ಲೆಕ್ಕ ಹಾಕುವ ಪ್ರೋಗ್ರಾಂ ಇಲ್ಲಿ ಎಡವುತ್ತದೆ. ಸಾಲುಗಳ ಅಂಚು ಏರುಪೇರಾಗುತ್ತದೆ, ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜಪಾನಿ, ಜರ್ಮನ್, ಫ್ರೆಂಚ್ ಭಾಷೆಗಳಿಗೆ ಮ್ಯಾನ್ ಪುಟಗಳನ್ನು ಅನುವಾದಿಸಿದ ಸ್ವಯಂಸೇವಕರಿಗೆ ಈ ತೊಂದರೆ ಇರಲಿಲ್ಲ. ಚಿತ್ರಗಳ ಪರದೆಯಲ್ಲಿ ಸರಿಯಾಗಿ ಮೂಡುವ ಕನ್ನಡ ಈ ಚೌಕಗಳ ಪರದೆಯಲ್ಲಿ ಮುಗ್ಗರಿಸಲು ಕಾರಣ ಲಿಪಿಯಲ್ಲ. ಒಂದಕ್ಷರಕ್ಕೆ ಒಂದು ಹೆಜ್ಜೆ ಸರಿಯುತ್ತಿದ್ದ ಹಳೆಯ ಯಂತ್ರದ ಲೆಕ್ಕಾಚಾರ.

ಬರೆಯುವವರು ಯಾರು?

ಇತ್ತೀಚಿನ ವರ್ಷಗಳಲ್ಲಿ ಚುಕ್ಕೆಯ ಸೂಚನೆಗಳನ್ನು ನೇರವಾಗಿ ಬರೆಯುವವರು ಕಡಿಮೆಯಾಗಿದ್ದಾರೆ. 2004ರಲ್ಲಿ ಬಂದ ಮಾರ್ಕ್‌ಡೌನ್‌ನಂಥ ಸುಲಭ ಕ್ರಮದಲ್ಲಿ ಬರೆದು, ಅದನ್ನು ಯಂತ್ರದಿಂದ ಮ್ಯಾನ್ ಪುಟವಾಗಿ ಪರಿವರ್ತಿಸುವುದು ಸಾಮಾನ್ಯವಾಗಿದೆ. ಪ್ರೋಗ್ರಾಂ ತಾನೇ ಕೊಡುವ ಆಯ್ಕೆಗಳ ಪಟ್ಟಿಯಿಂದ ಪುಟವನ್ನು ಹೆಣೆಯುವ ಸಾಧನಗಳೂ ಇವೆ. ಇಂಥ ಪುಟದಲ್ಲಿ ಶೀರ್ಷಿಕೆಗಳು ಕ್ರಮವಾಗಿರುತ್ತವೆ, ಅಚ್ಚು ಒಪ್ಪವಾಗಿರುತ್ತದೆ. ಆದರೆ ಹುಳುಕು ಎಂಬ ಶೀರ್ಷಿಕೆಯ ಕೆಳಗೆ ಏನು ಬರೆಯಬೇಕೆಂದು ಪಟ್ಟಿಗೆ ತಿಳಿಯದು. ಅದನ್ನು ಬರೆಯಲು ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಬಲ್ಲವರೇ ಬೇಕು.

ಈ ದುಡಿಮೆಗೆ ಬೆಲೆ ಎಷ್ಟು ಎಂಬ ಪ್ರಶ್ನೆ 2024ರಲ್ಲಿ ಬಹಿರಂಗವಾಗಿಯೇ ಎದ್ದಿತು. ಲಿನಕ್ಸ್‌ನ ಒಳಗಿನ ಕರೆಗಳನ್ನು ವಿವರಿಸುವ ಪುಟಗಳನ್ನು 1990ರ ದಶಕದಿಂದ ಒಬ್ಬರಾದ ಮೇಲೊಬ್ಬರು ನೋಡಿಕೊಂಡು ಬಂದಿದ್ದಾರೆ. 2004ರಿಂದ ಮೈಕೆಲ್ ಕೆರಿಸ್ಕ್ ಅದನ್ನು ಬಹುಕಾಲ ನಿರ್ವಹಿಸಿದರು. ಅವರ ನಂತರ ಹೊಣೆ ಹೊತ್ತ ಅಲೆಹಾಂದ್ರೊ ಕೊಲೊಮಾರ್, ನಾಲ್ಕು ವರ್ಷ ಬಿಡುವಿನ ವೇಳೆಯಲ್ಲಿ ದುಡಿದ ಮೇಲೆ, ಸಂಬಳವಿಲ್ಲದೆ ಇದನ್ನು ಮುಂದುವರಿಸಲಾರೆ ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಲಿನಕ್ಸ್ ಮೇಲೆ ವ್ಯವಹಾರ ಕಟ್ಟಿರುವ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವವರಿಗೆ ಸಂಬಳವಿತ್ತು. ಆ ಪ್ರೋಗ್ರಾಂನ ಪುಟ ತಿದ್ದುವವರಿಗೆ ಇರಲಿಲ್ಲ. ಈ ಪ್ರಕಟಣೆಯ ನಂತರ ಕೆಲವು ಕಂಪನಿಗಳು ಹಣ ಒದಗಿಸಲು ಮುಂದೆ ಬಂದವು, ಕೆಲಸ ಮತ್ತೆ ಸಾಗಿತು.

1970ರಲ್ಲಿ ಬೆಲ್ ಪ್ರಯೋಗಾಲಯದ ಆಡಳಿತ ಯಂತ್ರಕ್ಕೆ ಹಣ ಕೊಟ್ಟದ್ದು ಪುಟ ಜೋಡಿಸುವ ಕೆಲಸಕ್ಕೆ, ಆಪರೇಟಿಂಗ್ ಸಿಸ್ಟಂ ಅದರ ಜೊತೆಗೆ ಬೆಳೆಯಿತು. ಅರ್ಧ ಶತಮಾನದ ನಂತರ ಪರಿಸ್ಥಿತಿ ತಿರುವುಮುರುವಾಗಿದೆ. ಹಣವೆಲ್ಲ ವ್ಯವಸ್ಥೆಗೆ, ಪುಟ ಉಳಿದದ್ದು ಯಾರದೋ ಬಿಡುವಿನ ವೇಳೆಗೆ. ಪುಟವನ್ನು ಯಾವ ಕ್ರಮದಲ್ಲಿ ಬರೆಯಬೇಕು, ಚುಕ್ಕೆಯೇ ಇರಬೇಕೋ ಬೇರೆ ಗುರುತು ಬೇಕೋ ಎಂಬ ಚರ್ಚೆ ತಂತ್ರಜ್ಞರ ನಡುವೆ ಇನ್ನೂ ನಡೆದಿದೆ. ಸಾಲ್ಟ್‌ಜರ್ ಕಾಲದ ಚುಕ್ಕೆ ಇಷ್ಟು ಕಾಲ ಬಾಳಿದ್ದಕ್ಕೆ ಅದರ ಸರಳತೆ ಒಂದು ಕಾರಣ. ಪ್ರೋಗ್ರಾಂ ಬರೆದ ಕೈಯೇ ಅದರ ಪಕ್ಕದಲ್ಲಿ ಕುಳಿತು, ಅದರ ಹುಳುಕನ್ನೂ ಸೇರಿಸಿ ಪುಟ ಬರೆಯುತ್ತಿದ್ದುದು ಇನ್ನೊಂದು ಕಾರಣ. ಮೊದಲನೆಯದನ್ನು ಯಂತ್ರಗಳು ಉಳಿಸಿಕೊಂಡು ಬಂದಿವೆ. ಎರಡನೆಯದು ಮಾತ್ರ ಮನುಷ್ಯರಿಂದಲೇ ಆಗಬೇಕಾದ ಕೆಲಸವಾಗಿ ಉಳಿದಿದೆ.